ಐದೂವರೆ ಬಸ್ಸಿಗೆ ಮುಗಿಯುವ ಸಿನಿಮಾ

ನನ್ನ ಸೋದರಮಾವ ಇದುವರೆಗೆ ಏನಿಲ್ಲವೆಂದರೂ ನೂರಾರು ಸಿನಿಮಾ ನೋಡಿದ್ದಾರೆ. ಆದರೆ ಒಂದೇ ಒಂದು ಸಿನಿಮಾದ ಕೊನೆಯನ್ನು ನೋಡಿಲ್ಲ!

ಕಣ್ಣು ಸರಿಯಿಲ್ಲವೇ ಎಂದು ಕೇಳಬೇಡಿ. ಬ್ರಹ್ಮಾವರದಲ್ಲಿ ನನ್ನದೇ ಕನ್ನಡಕದ ಅಂಗಡಿ ಇದೆ, ಅವರ ಕಣ್ಣನ್ನು ನಾನೇ ಪರೀಕ್ಷೆ ಮಾಡಿದ್ದೇನೆ. ಎಪ್ಪತ್ತು ದಾಟಿದರೂ ಬೋರ್ಡಿನ ಕೊನೆಯ ಸಾಲಿನ ಇರುವೆಯಂಥ ಅಕ್ಷರವನ್ನೂ ಓದಿ ಹೇಳುತ್ತಾರೆ. ಅವರು ಕೊನೆಯ ತನಕ ನೋಡಿದ್ದು ಅಂತ ಈ ಪ್ರಪಂಚದಲ್ಲಿ ಏನಾದರೂ ಇದ್ದರೆ ಆ ಬೋರ್ಡು ಒಂದೇ. ಹೋಗಲಿ, ಸಿನಿಮಾ ಬೇಸರ ಬರುತ್ತದೆಯೇ? ಅದೂ ಇಲ್ಲ. ಸಿನಿಮಾ ಅಂದರೆ ಪ್ರಾಣ. ಮಾವನ ಹೆಸರು ಮಾತ್ರ ನಾನು ಹೇಳುವುದಿಲ್ಲ. ಹೇಳಿದೆನೋ, ಮುಂದಿನ ಸಲ ಮಾವನ ಮನೆಗೆ ಹೋದಾಗ ಬರೀ ನೀರು ಕುಡಿದು ಬರಬೇಕಾದೀತು.

ಇದಕ್ಕೆಲ್ಲ ಕಾರಣ ಒಂದು ಬಸ್ಸು. ಮಾವನ ಮನೆ ಹಟ್ಟಿಯಂಗಡಿಯಿಂದಲೂ ಸ್ವಲ್ಪ ಒಳಗೆ. ಅವರ ಪ್ರಾಯಕಾಲದಲ್ಲಿ ಕುಂದಾಪುರದಿಂದ ಆ ಕಡೆಗೆ ಕೊನೆಯ ಬಸ್ಸು ಸಂಜೆ ಐದೂವರೆಗೆ. ಟಾಕೀಸಿನಲ್ಲಿ ಮ್ಯಾಟಿನಿ ಶುರುವಾಗುವುದು ಮೂರಕ್ಕೆ, ಮುಗಿಯುವುದು ಆರಕ್ಕೆ ಇಪ್ಪತ್ತು ನಿಮಿಷ ಇರುವಾಗ. ಮಾವ ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರು, ರಜೆ ಸಿಗುವುದು ಭಾನುವಾರ ಮಾತ್ರ. ಊಟ ಮಾಡಿ ಕೈ ಒರೆಸಿಕೊಂಡವರೇ ಸಿನಿಮಾಕ್ಕೆ ಓಡುತ್ತಿದ್ದರು. ಬಾಗಿಲ ಪಕ್ಕದ ಕುರ್ಚಿಯೇ ಆಗಬೇಕು. ಪರದೆಯ ಮೇಲೆ ನಾಯಕಿ ಬಾವಿಗೆ ಹಾರಲಿ, ನಾಯಕ ಗಲ್ಲುಗಂಬದ ಮೆಟ್ಟಿಲು ಹತ್ತಲಿ, ಐದೂ ಇಪ್ಪತ್ತಕ್ಕೆ ಸರಿಯಾಗಿ ಮಾವ ಎದ್ದು ನಿಲ್ಲುವುದೇ.

"ಹ್ವಾಯ್, ಕೂಕಣಿ. ಎಂತ ಇದ್?" ಎಂದು ಹಿಂದಿನವರು ಗದರಿದರೆ ಮಾವ ಶಾಂತವಾಗಿ ಹೇಳುತ್ತಿದ್ದರಂತೆ: "ಬಸ್ಸ್ ಹೋತ್ತ್ ಮಾರಾಯ್ರೆ. ನೀವ್ ಕಾಣಿ. ನಂಗೆ ಕಾಂಬುದೆಲ್ಲ ಆಯ್ತ್."

ಒಮ್ಮೆ ಅವರಿಗೆ ಒಂದು ಉಪಾಯ ಹೊಳೆಯಿತು. ಸೀದಾ ಟಾಕೀಸಿನ ಆಪರೇಟರನ ಹತ್ತಿರ ಹೋಗಿ ಕೇಳಿದರು: "ಕಡೀ ರೀಲ್ ಮೊದ್ಲ್ ಹಾಕುಕಾತ್ತಾ?"

ಆಪರೇಟರ್ ಒಳ್ಳೆಯ ಮನುಷ್ಯ. ಬೈಯಲಿಲ್ಲ. "ಹಾಂಗ್ ಮಾಡಿರೆ ಮೊದ್ಲಿನ ರೀಲ್ ಕಡೀಗೆ ಬತ್ತ್. ಅದ್ ತಪ್ಪುದಿಲ್ಯಾ ನಿಮ್ಗೆ?" ಎಂದನಂತೆ.

"ಅದ್ ತಪ್ಪಿರೆ ಅಡ್ಡಿಲ್ಲೆ. ಅದ್ರಗೆ ಬರೀ ಹುಟ್ಟುದೇ ಇಪ್ದ್" ಎಂದರು ಮಾವ.

ಅವನು ಹಾಕಲಿಲ್ಲ ಅನ್ನಿ. ಆದರೆ ಸೋಮವಾರ ಕಾರ್ಖಾನೆಯಲ್ಲಿ ಚಹಾದ ಹೊತ್ತಿಗೆ ಮಾವ ಸಿನಿಮಾದ ಕಥೆ ಹೇಳಬೇಕಿತ್ತಲ್ಲ! ಮಣ್ಣು ಕಲಸುವವರು, ಹಂಚು ಹೊರುವವರು ಎಲ್ಲ ಗ್ಲಾಸು ಹಿಡಿದು ಸುತ್ತ ಕೂರುತ್ತಿದ್ದರು. ನನಗೆ ಕೊನೆ ಗೊತ್ತಿಲ್ಲ ಎಂದು ಹೇಳುವುದು ರೈಟರ ಮರ್ಯಾದೆಗೆ ಸರಿಯೇ? ಹಾಗಾಗಿ ಮಾವ ಕೊನೆಯನ್ನು ತಾವೇ ಕಟ್ಟತೊಡಗಿದರು. ಮಾವನ ಸಿನಿಮಾದಲ್ಲಿ ಯಾರೂ ಸಾಯುವುದಿಲ್ಲ. ಕ್ಷಯ ಗುಣವಾಗುತ್ತದೆ, ಬಾವಿಯಲ್ಲಿ ನೀರು ಮೊಣಕಾಲಿನವರೆಗೆ ಮಾತ್ರ ಇರುತ್ತದೆ, ಕಳ್ಳರು ಗದ್ದೆ ಕೆಲಸಕ್ಕೆ ಸೇರುತ್ತಾರೆ. ಬಹುಪಾಲು ಕಥೆಗಳು ಯಾರಾದರೊಬ್ಬರು ಹೋಟೆಲು ತೆರೆಯುವುದರಲ್ಲಿ ಮುಗಿಯುತ್ತವೆ. ನಮ್ಮ ಕಡೆಯವರಿಗೆ ಸುಖ ಅಂದರೆ ಅಷ್ಟೇ ತಾನೆ?

ಒಂದು ಸೋಮವಾರ ಒಬ್ಬ ಕೆಲಸದವನು ತಗಾದೆ ತೆಗೆದ. ಅವನೂ ಅದೇ ಸಿನಿಮಾ ಪೂರ್ತಿ ನೋಡಿ ಬಂದಿದ್ದ. "ರೈಟ್ರೆ, ನೀವ್ ಹೇಳುದ್ ಸಮ ಇಲ್ಲೆ. ಕಡೀಗೆ ಅವ ಸತ್ತ. ನಾನ್ ಕಣ್ಣಾರೆ ಕಂಡಿದೆ" ಎಂದ.

ಮಾವ ಚಹಾ ಗುಟುಕರಿಸಿ ಕೇಳಿದರು: "ನೀ ಯಾವತ್ತ್ ಹೋದ್ದ್?"

"ಶುಕ್ರವಾರ ರಾತ್ರಿ ಆಟಕ್ಕೆ."

"ಕಾಣ್, ಅದೇ ಹೇಳುದ್. ನೀ ಹೋದ ದಿವ್ಸ ಸತ್ತಿದ್ದ. ನಾ ಹೋದ ದಿವ್ಸ ಬದ್ಕಿದ್ದ."

ಕೂತವರೆಲ್ಲ ರೈಟರ ಪಕ್ಷ! ಬದುಕಿದ ಸಿನಿಮಾ ಬಿಟ್ಟು ಸತ್ತ ಸಿನಿಮಾ ಯಾರಿಗೆ ಬೇಕು?

ಈಗ ಆ ಊರಿಗೆ ಅರ್ಧ ಗಂಟೆಗೊಂದು ಬಸ್ಸು ಇದೆ. ಟೀವಿ ಮನೆಯ ಚಾವಡಿಯಲ್ಲೇ ಇದೆ. ಹಾಗಾದರೂ ಕೊನೆ ನೋಡಬಹುದಲ್ಲ? ಇಲ್ಲವೇ ಇಲ್ಲ. ಕಥೆ ಮುಗಿಯಲು ಇಪ್ಪತ್ತು ನಿಮಿಷ ಇದೆ ಎನ್ನುವಾಗ ಮಾವನ ಕಾಲು ತನ್ನಷ್ಟಕ್ಕೆ ಚಪ್ಪಲಿ ಹುಡುಕುತ್ತದೆ. ಎದ್ದು ಅಂಗಳ ದಾಟಿ, ಗೇಟಿನ ಹತ್ತಿರ ನಿಂತು, ರಸ್ತೆಯ ಆಚೀಚೆ ನೋಡಿ ನಿಧಾನ ವಾಪಸು ಬರುತ್ತಾರೆ. ಅಷ್ಟರಲ್ಲಿ ಸಿನಿಮಾ ಮುಗಿದು ಸೋಪಿನ ಜಾಹೀರಾತು ಬರುತ್ತಿರುತ್ತದೆ. ಕ್ರಿಕೆಟ್ಟಿನ ಕೊನೆಯ ಓವರಿನಲ್ಲೂ ಗೇಟಿನ ಬಳಿಯೇ ಇರುತ್ತಾರೆ, ಗೆದ್ದೆವೋ ಸೋತೆವೋ ಪಕ್ಕದ ಮನೆಯವರ ಬೊಬ್ಬೆಯಿಂದ ಗೊತ್ತಾಗಬೇಕು. ಅವರು ನೆಮ್ಮದಿಯಿಂದ ಕೂತು ನೋಡುವುದು ಧಾರಾವಾಹಿ ಮಾತ್ರ. ಅದಕ್ಕೆ ಕೊನೆಯೇ ಇಲ್ಲವಲ್ಲ!

ಇಂಥವರನ್ನು ನಾನು ನಮ್ಮ ಸಿನಿಮಾ ಕೂಟಕ್ಕೆ ಸೇರಿಸಿದೆ. ನನ್ನ ಬುದ್ಧಿಗೆ ಏನು ಹೇಳಬೇಕು?

ಕುಂದಾಪುರದ ಒಬ್ಬ ನಿವೃತ್ತ ಹೆಡ್ಮಾಷ್ಟ್ರು ಕಟ್ಟಿದ ಕೂಟ ಅದು. ಬ್ರಹ್ಮಾವರದಿಂದ ಶಿರೂರಿನ ತನಕ ಹತ್ತು ಹನ್ನೆರಡು ಜನ ಇದ್ದೇವೆ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ, ಬಸ್‌ಸ್ಟ್ಯಾಂಡಿಗೆ ಹತ್ತಿರದ ಒಂದು ಟ್ಯೂಷನ್ ಕ್ಲಾಸಿನ ಮಹಡಿಯಲ್ಲಿ, ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಸಿನಿಮಾ ನೋಡುವುದು. ಪ್ರತಿ ತಿಂಗಳು ಒಬ್ಬರ ಸರದಿ. ಅವರು ಒಂದು ಸಿನಿಮಾ ಆರಿಸಬೇಕು, ಇದನ್ನೇ ಯಾಕೆ ಆರಿಸಿದೆ ಎಂದು ಐದು ನಿಮಿಷ ಹೇಳಬೇಕು. "ಒಳ್ಳೆಯ ಸಿನಿಮಾ ಬೇಡ, ನಿಮ್ಮ ಸಿನಿಮಾ ಬೇಕು" ಎನ್ನುವುದು ಹೆಡ್ಮಾಷ್ಟ್ರು ಮಾಡಿದ ಮೊದಲ ನಿಯಮ.

ಉಪ್ಪುಂದದ ಒಬ್ಬ ಅಕ್ಕ ಇದ್ದಾರೆ, ಮೀನಿನ ವ್ಯಾಪಾರದವರು. ತಮ್ಮ ಸರದಿಯಲ್ಲಿ ಒಂದು ಸಮುದ್ರದ ಸಿನಿಮಾ ತಂದರು. ಎಷ್ಟು ಇಷ್ಟವೋ ಎಂದು ನಾವು ಕಾದು ಕೂತರೆ ಅವರು ಹೇಳಿದ್ದು ಇಷ್ಟು: "ಇದ್ರಗೆ ಒಬ್ಬ ಬಲೆ ಬೀಸ್ತ. ಹಾಂಗೆ ಬೀಸಿರೆ ಮೀನಲ್ಲ, ನೀರೂ ಸಿಕ್ಕುದಿಲ್ಲೆ. ಇಪ್ಪತ್ತ್ ವರ್ಷದಿಂದ ನಂಗೆ ಅದೇ ಸಿಟ್ಟ್. ನೀವೂ ಒಂದ್ಸಲಿ ಕಾಣಿ ಅಂದ್ಹೇಳಿ ತಂದದ್ದ್." ಹೆಡ್ಮಾಷ್ಟ್ರು ಒಂದು ಕ್ಷಣ ಯೋಚಿಸಿ ಸಿಟ್ಟು ಸಹ ಒಂದು ಸಂಬಂಧವೇ ಎಂದು ಒಪ್ಪಿಕೊಂಡರು.

ಮಾವ ಬಂದ ಮೊದಲ ತಿಂಗಳು, ಸಿನಿಮಾ ಮುಗಿಯುವ ಮೊದಲೇ "ಗಾಡಿ ಬದಿಗೆ ಹಾಕಿ ಬತ್ತೆ" ಎಂದು ಎದ್ದು ಹೋದರು. ಎರಡನೇ ತಿಂಗಳೂ ಹೋದರು. ಅವರಿಗೆ ಗಾಡಿಯೇ ಇಲ್ಲ ಎನ್ನುವುದು ಮೂರನೇ ತಿಂಗಳು ಹೆಡ್ಮಾಷ್ಟ್ರಿಗೆ ಗೊತ್ತಾಯಿತು. ಅಂದೇ ಎರಡನೇ ನಿಯಮ ಹುಟ್ಟಿತು: "ಶುಭಂ ಎಂದು ಬರುವ ತನಕ ಯಾರೂ ಏಳುವಂತಿಲ್ಲ." ಮಾವನಿಗೆ ಅದರಿಂದ ಏನೂ ಆಗಲಿಲ್ಲ. ಐದೂ ಇಪ್ಪತ್ತಕ್ಕೆ ಕೂತಲ್ಲೇ ಕಣ್ಣು ಮುಚ್ಚುತ್ತಿದ್ದರು!

ಕೊನೆಗೂ ಮಾವನ ಸರದಿ ಬಂತು. ದೇವರೇ, ಆ ತಿಂಗಳು ನಾನು ಪಟ್ಟ ಪಾಡು! ಗಿರಾಕಿಯ ಮೂಗಿನ ಮೇಲೆ ಚೌಕಟ್ಟು ಇಟ್ಟು, "ಇದು ಸ್ಪಷ್ಟವೋ, ಅದು ಸ್ಪಷ್ಟವೋ" ಎಂದು ಕೇಳುವಾಗಲೇ ಫೋನು. ಹುಡುಗಿಯರನ್ನು ನಮ್ಮ ಕಡೆ ಕರೆಯುವ ಹಾಗೆ ನನ್ನನ್ನು ಮಾವ ಈಗಲೂ ಕರೆಯುವುದು "ಹೆಣೆ" ಎಂದೇ.

"ಹೆಣೆ, ಆ ಕುದುರೆದ್ದ್ ಅಡ್ಡಿಲ್ಯಾ?"

"ಅಡ್ಡಿಲ್ಲೆ ಮಾವ."

ಅರ್ಧ ಗಂಟೆ ಬಿಟ್ಟು ಮತ್ತೆ ಫೋನು. "ಕುದುರೆದ್ದ್ ಬೇಡ. ಅದ್ ಬರೀ ಕುದುರೆಗೆ ಹೆಚ್ಚಿಗೆ ಸಂಬಂಧ ಪಟ್ಟದ್ದ್. ನಂಗೆ ಸಂಬಂಧ ಇಪ್ದ್ ಬೇಕಲ್ದಾ?"

ಹೀಗೆ ಒಂದು ವಾರದಲ್ಲಿ ಎಂಟು ಸಿನಿಮಾ ಬಂದು ಹೋದವು. ಒಂಬತ್ತನೆಯದಕ್ಕೆ ಮಾವ ಫೋನು ಮಾಡಲಿಲ್ಲ. ಬಸ್ಸು ಹಿಡಿದು ಬ್ರಹ್ಮಾವರಕ್ಕೆ ಬಂದು, ಅಂಗಡಿಯಲ್ಲಿ ಗಿರಾಕಿಗಳ ಸ್ಟೂಲಿನ ಮೇಲೆ ಕೂತರು. ಒಂದು ಹಳೆಯ ಕಪ್ಪು ಬಿಳುಪು ಸಿನಿಮಾದ ಹೆಸರು ಹೇಳಿದರು. ನಾನು ಕೇಳಿದ್ದೇ ಇಲ್ಲ.

"ಮದಿ ಆದ್ ಎಂಟ್ನೇ ದಿವ್ಸ ನಿನ್ನ್ ಅತ್ತೆನ ಕರ್ಕಂಡ್ ಹೋದ್ದ್. ನಿನ್ನ್ ಅತ್ತೆ ಸಿನಿಮಾ ಕಂಡದ್ದೇ ಅದ್ ಮೊದ್ಲ್" ಎಂದರು.

ಆ ಕಥೆ ಹೀಗಂತೆ. ಕಡಲ ಬದಿಯ ಊರಿನ ಹುಡುಗ ದುಡಿಯಲು ಬೊಂಬಾಯಿಗೆ ಹೋಗುತ್ತಾನೆ. ಕಾಗದ ಬರುವುದು ನಿಲ್ಲುತ್ತದೆ. ಹುಡುಗಿ ಪ್ರತಿ ಸಂಜೆ ದೋಣಿ ನಿಲ್ಲುವ ಕಟ್ಟೆಯ ಮೇಲೆ ದೀಪ ಇಟ್ಟು ಕಾಯುತ್ತಾಳೆ. ಮೂರು ವರ್ಷದ ಮೇಲೆ ಒಂದು ಸಂಜೆ ದೂರದಲ್ಲಿ ಒಂದು ದೋಣಿ ಕಾಣುತ್ತದೆ. ಅಷ್ಟಕ್ಕೆ ಐದೂ ಇಪ್ಪತ್ತು!

ಮಾವ ಎದ್ದರು. ಹೊಸ ಮದುಮಗಳು ಏನು ಮಾಡುತ್ತಾಳೆ? ಅವಳೂ ಎದ್ದಳು. ಬಸ್ಸಿನಲ್ಲಿ ಕೂತ ಮೇಲೆ ಅತ್ತೆ ಅಳತೊಡಗಿದರಂತೆ. ಅತ್ತೆಯ ಸ್ವಂತ ಅಣ್ಣ ಬೊಂಬಾಯಿಯ ಹೋಟೆಲಿಗೆ ಕೆಲಸಕ್ಕೆ ಹೋಗಿ ಕಾಗದ ಬಾರದೆ ಆಗ ಸರಿಯಾಗಿ ಮೂರು ವರ್ಷವಾಗಿತ್ತು. ಅದು ಮಾವನಿಗೆ ಗೊತ್ತಿರಲಿಲ್ಲ. ಎಂಟು ದಿನದ ಗಂಡನಿಗೆ ಏನು ತಾನೇ ಗೊತ್ತಿರುತ್ತದೆ? ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದ್ದು ಒಂದೇ ಮಾತು: "ಅವ ಬತ್ನಾ?"

"ಬತ್ತ" ಎಂದರು ಮಾವ.

ಬಂದ ಮೇಲೆ? ಆಮೇಲಿನದು ನಮ್ಮ ಕುಟುಂಬದಲ್ಲಿ ಎಲ್ಲರಿಗೂ ಬಾಯಿಪಾಠ. ನಾವೆಲ್ಲ ಮಕ್ಕಳಿದ್ದಾಗ ಅತ್ತೆ ತುತ್ತು ಹಾಕುತ್ತಾ ಹೇಳುತ್ತಿದ್ದ ಕಥೆಯೇ ಅದು. ಸಿನಿಮಾದ್ದು ಎಂದು ನನಗೆ ಗೊತ್ತಿರಲಿಲ್ಲ ಅಷ್ಟೆ. ಹುಡುಗ ಟ್ರಂಕು ಹೊತ್ತು ದೋಣಿಯಿಂದ ಇಳಿಯುತ್ತಾನೆ. ಒಂದು ಕಾಗದ ಬರೆಯಲು ಆಗಲಿಲ್ಲವೇ ಎಂದು ಹುಡುಗಿ ಬೈಯುತ್ತಾಳೆ. ಅವನು ಬಲಗೈ ತೋರಿಸುತ್ತಾನೆ. ಬಿಸಿ ಎಣ್ಣೆ ಬಿದ್ದು ಕೈ ಸುಟ್ಟಿತ್ತು, ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಆಮೇಲೆ ಇಬ್ಬರೂ ಸೇರಿ ಹೋಟೆಲು ತೆರೆಯುತ್ತಾರೆ. ಹುಡುಗಿಯನ್ನು ಗೋಳು ಹೊಯ್ದುಕೊಂಡಿದ್ದ ದುಷ್ಟ ಚಿಕ್ಕಪ್ಪನನ್ನು ಕ್ಯಾಶಿಗೆ ಕೂರಿಸುತ್ತಾರೆ. ಹುಡುಗಿಯ ತಾಯಿ ಸಾಂಬಾರಿಗೆ ಉಪ್ಪು ನೋಡುತ್ತಾರೆ.

ಅತ್ತೆಯ ಅಣ್ಣ ಮಾತ್ರ ಬರಲೇ ಇಲ್ಲ.

ನಾನು ಆ ಸಿನಿಮಾವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ತೆಗೆದೆ. ಸರಿ ಇದೆಯೋ ನೋಡೋಣ ಎಂದು ಕೊನೆಯನ್ನೂ ನೋಡಿದೆ. ಯಾಕಾದರೂ ನೋಡಿದೆನೋ! ದೋಣಿ ಬರುತ್ತದೆ. ಅದರಿಂದ ಇಳಿಯುವುದು ಟ್ರಂಕು ಮಾತ್ರ. ಬೊಂಬಾಯಿಯಲ್ಲಿ ಸತ್ತವನ ಟ್ರಂಕನ್ನು ಯಾರೋ ತಂದುಕೊಡುತ್ತಾರೆ. ಹುಡುಗಿ ದೀಪ ಆರಿಸಿ ಮನೆಗೆ ಹೋಗುತ್ತಾಳೆ. ಹೋಟೆಲೂ ಇಲ್ಲ, ಸಾಂಬಾರೂ ಇಲ್ಲ.

ಮಾವನಿಗೆ ಫೋನಿನಲ್ಲಿ ಹೇಳಿದೆ.

"ಬೇರೆ ಸಿನಿಮಾ ಹಾಕುವ ಮಾವ. ಕುದುರೆದ್ದೇ ಹಾಕುವ."

"ಹ್ಯಾಂಗ್ ಹಾಕುದ್? ನಿನ್ನ್ ಅತ್ತೆ ಆಗ್ಳೇ ಹೊರ್ಟ್ ಕೂಕಂಡಿತ್. ಸೀರೆ ತೆಗ್ದ್ ಇಟ್ಟಿತ್. ಅದೇ ಸಿನಿಮಾ ಅಂದ್ಹೇಳಿ ನೆರೆಕರೆಗೆಲ್ಲ ಹೇಳಿ ಆಯ್ತ್" ಎಂದರು ಮಾವ. ಆಮೇಲೆ ದನಿ ತಗ್ಗಿಸಿ ಕೇಳಿದರು: "ಐದೂ ಇಪ್ಪತ್ತಕ್ಕೆ ಕರೆಂಟ್ ಹೋಪ ಹಾಂಗೆ ಮಾಡುಕಾತ್ತಾ?"

ಎರಡು ದಿನ ಅದೇ ಸಂಚು. ಟ್ಯೂಷನ್ ಕ್ಲಾಸಿನ ಫ್ಯೂಸು ಎಲ್ಲಿದೆ ಎಂದು ನಾನು ನೋಡಿಯೂ ಬಂದೆ. ಆದರೆ ಅಲ್ಲಿ ಇನ್ವರ್ಟರ್ ಇತ್ತು. ಹೆಡ್ಮಾಷ್ಟ್ರ ಮುಂದಾಲೋಚನೆಗೆ ಅಂದು ಹಾಕಿದಷ್ಟು ಶಾಪ ನಾನು ಯಾರಿಗೂ ಹಾಕಿಲ್ಲ.

ಸಿನಿಮಾದ ಹಿಂದಿನ ದಿನ ಮಾವನೇ ಫೋನು ಮಾಡಿದರು. "ಕರೆಂಟಿನ ಸುದ್ದಿ ಬಿಡ್ ಹೆಣೆ. ಸಿನಿಮಾ ಪೂರ್ತಿ ಹೋಯ್ಲಿ. ನಾನೂ ಏಳುದಿಲ್ಲೆ, ಕಣ್ಣೂ ಮುಚ್ಚುದಿಲ್ಲೆ. ಸುಳ್ಳ್ ಹೇಳ್ದವ ನಾನ್. ನಿನ್ನ್ ಅತ್ತೆ ಅದ್ ಕಾಂಬತಿಗೆ ಬದೀಗೆ ನಾನ್ ಇರ್ಕಲ್ದಾ?"

ನೂರಾರು ಸಿನಿಮಾಗಳ ಕೊನೆಯಿಂದ ತಪ್ಪಿಸಿಕೊಂಡ ಮನುಷ್ಯ, ಅತ್ತೆಯ ಪಕ್ಕ ಇರಬೇಕೆಂದು, ಮೊದಲ ಸಲ ಕೂತು ನೋಡಲು ಹೊರಟದ್ದು ಇದನ್ನೇ.

ಭಾನುವಾರ ನನ್ನ ಕಾರಿನಲ್ಲೇ ಇಬ್ಬರನ್ನೂ ಕರೆದುಕೊಂಡು ಬಂದೆ. ಅತ್ತೆ ಹಸಿರು ಸೀರೆ ಉಟ್ಟು, ಅಬ್ಬಲಿಗೆ ಮುಡಿದು, ನಾನೇ ಮಾಡಿಕೊಟ್ಟ ಹೊಸ ಕನ್ನಡಕ ಹಾಕಿದ್ದರು. ಮಾವನಿಗೆ ಇದ್ದ ಐದು ನಿಮಿಷದಲ್ಲಿ ಅವರು ಬಳಸಿದ್ದು ಅರ್ಧ ನಿಮಿಷ. "ಇದ್ ನಮ್ ಮದಿ ಆದ್ ಎಂಟ್ನೇ ದಿವ್ಸದ ಸಿನಿಮಾ. ಇದ್ರ್ ಕಡೆ ನಾನ್ ಕಾಣ್ಲಿಲ್ಲೆ" ಎಂದರು. ಎಲ್ಲರೂ ನಕ್ಕರು. "ಯಾವುದರದ್ದು ನೋಡಿದ್ದೀರಿ ಸ್ವಾಮಿ?" ಎಂದು ಹೆಡ್ಮಾಷ್ಟ್ರು ಕೇಳಿದಾಗ ಇನ್ನೂ ನಕ್ಕರು. ಮಾವ ನಗಲಿಲ್ಲ. ಬಂದು ಅತ್ತೆಯ ಪಕ್ಕ ಕೂತರು. ಬಾಗಿಲ ಹತ್ತಿರದ ಕುರ್ಚಿ ಖಾಲಿಯೇ ಇತ್ತು.

ಮೂರಕ್ಕೆ ಸಿನಿಮಾ ಶುರುವಾಯಿತು. ಹುಡುಗ ಬೊಂಬಾಯಿಗೆ ಹೋದ. ದುಷ್ಟ ಚಿಕ್ಕಪ್ಪ ಪರದೆಯ ಮೇಲೆ ಬಂದಾಗ ಉಪ್ಪುಂದದ ಅಕ್ಕ ನೆಟಿಗೆ ಮುರಿದರು. ಅತ್ತೆ ಅವರ ಕಡೆ ಬಗ್ಗಿ, "ಪಾಪ, ಕಡೀಗೆ ಸಮ ಆತ್ತ, ಕ್ಯಾಶಿಗೆ ಕೂಕಂತ" ಎಂದು ಸಮಾಧಾನ ಹೇಳಿದರು. ಮಾವ ಪಂಚೆಯ ತುದಿಯಿಂದ ಕುತ್ತಿಗೆ ಒರೆಸಿಕೊಳ್ಳುತ್ತಲೇ ಇದ್ದರು.

ಹುಡುಗಿ ಕಟ್ಟೆಯ ಮೇಲೆ ದೀಪ ಇಟ್ಟಳು. ದೂರದಲ್ಲಿ ದೋಣಿ ಕಂಡಿತು. ನಾನು ಗಡಿಯಾರ ನೋಡಿದೆ, ಐದೂ ಇಪ್ಪತ್ತು. ಮಾವ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಬಿಟ್ಟುಕೊಂಡು ಕೂತಿದ್ದರು. ಏಳಲಿಲ್ಲ.

ಎದ್ದದ್ದು ಅತ್ತೆ.

"ಏಳಿ, ಬಸ್ಸ್ ಹೋತ್ತ್" ಎಂದರು.

ಮಾವ ತಲೆ ಎತ್ತಿ ನೋಡಿದರು. "ಇವತ್ತ್ ಕಾರ್ ಇತ್ತಲೆ. ಕೂಕೋ, ಇದ್ ಮುಗೀಲಿ."

"ಕಾರ್ ಇದ್ರೆ ಇರ್ಲಿ. ನಂಗೆ ಕಾಂಬುದೆಲ್ಲ ಆಯ್ತ್" ಎಂದು ಅತ್ತೆ ಮಾವನ ಕೈ ಹಿಡಿದು ಎಬ್ಬಿಸಿದರು. ಹೆಡ್ಮಾಷ್ಟ್ರು ಎರಡನೇ ನಿಯಮ ಹೇಳಲು ಬಾಯಿ ತೆರೆದವರು ಅತ್ತೆಯ ಮುಖ ನೋಡಿ ದಾರಿ ಬಿಟ್ಟರು.

ನಾನು ಹಿಂದೆಯೇ ಓಡಿದೆ. ಮಾವ ಮೆಟ್ಟಿಲ ಕೆಳಗೆ ಚಪ್ಪಲಿ ಹುಡುಕುತ್ತಿದ್ದರು. ಅತ್ತೆ ಮೇಲಿನ ಮೆಟ್ಟಿಲಲ್ಲೇ ನಿಂತು ನನ್ನ ಕಿವಿಯ ಹತ್ತಿರ ಮೆಲ್ಲ ಹೇಳಿದರು: "ಮಕ್ಕಳ್ ಸಣ್ಣ್ ಇಪ್ಪತಿಗೆ ಒಂದ್ ಮಧ್ಯಾಹ್ನ ಟೀವಿಯಗೆ ಇದ್ ಬಂದಿತ್. ಪೂರ್ತಿ ಕಂಡಿದೆ. ಬಪ್ಪುದ್ ಟ್ರಂಕ್ ಮಾತ್ರ."

"ಮತ್ತೆ ಇಷ್ಟ್ ವರ್ಷ ಎಂತಕ್ಕೆ ಹೇಳ್ಲಿಲ್ಲೆ ಅತ್ತೆ?"

"ಎಂತ ಹೇಳುದ್? ಅಣ್ಣ ಬತ್ತಿಲ್ಲೆ ಅಂದ್ಹೇಳಿ ನಂಗೆ ಅವತ್ತ್ ಬಸ್ಸಗೇ ಗೊತ್ತಿದ್ದಿತ್. ಆದ್ರೆ ಬತ್ತ ಅಂದ್ಹೇಳುಕೆ ಒಬ್ರ್ ಬೇಕಲೆ. ಇವ್ರ್ ಹೇಳ್ರ್. ಅದೇ ಸಾಕ್ ನಂಗೆ." ಎರಡು ಮೆಟ್ಟಿಲು ಇಳಿದವರು ತಿರುಗಿ ನೋಡಿದರು. "ಇವ್ರಿಗೆ ಹೇಳ್ಬೇಡ. ಬೇಜಾರ್ ಮಾಡ್ಕಂತ್ರ್."

ನನ್ನ ಕಣ್ಣು ಮಂಜಾಯಿತು. ಕನ್ನಡಕದ ಅಂಗಡಿಯವಳಾದರೂ ಅದಕ್ಕೆ ಮದ್ದು ನನ್ನ ಹತ್ತಿರ ಇರಲಿಲ್ಲ.

ಮಹಡಿಗೆ ಹೋದರೆ ಹೆಡ್ಮಾಷ್ಟ್ರು ಸಿನಿಮಾ ನಿಲ್ಲಿಸಿಬಿಟ್ಟಿದ್ದರು. ಪರದೆಯ ಮೇಲೆ ದೋಣಿ ಅರ್ಧ ದಾರಿಯಲ್ಲಿ ನಿಂತಿತ್ತು. "ಆಮೇಲೆ ಎಂತ ಆತ್ತ್? ಬತ್ನಾ ಅವ?" ಎಂದು ಉಪ್ಪುಂದದ ಅಕ್ಕ ಕೇಳಿದರು. ಎಲ್ಲರೂ ನನ್ನ ಮುಖ ನೋಡಿದರು.

"ಬತ್ತ" ಎಂದೆ. ಟ್ರಂಕಿನಿಂದ ಸಾಂಬಾರಿನ ಉಪ್ಪಿನ ತನಕ ಎಲ್ಲ ಹೇಳಿದೆ. ಎರಡು ನಿಯಮ ಮಾಡಿದ ಹೆಡ್ಮಾಷ್ಟ್ರು ಎದ್ದು ಹೋಗಿ ಪ್ರೊಜೆಕ್ಟರನ್ನು ತಾವೇ ಆರಿಸಿದರು. ಆಮೇಲೆ ನಾನು ಕಿಟಕಿಯ ಹತ್ತಿರ ಹೋಗಿ ಕೆಳಗೆ ನೋಡಿದೆ.

ರಸ್ತೆಯ ಬದಿಯಲ್ಲಿ ಇಬ್ಬರೂ ನಿಂತಿದ್ದರು. ಐದೂವರೆಯ ಬಸ್ಸು ಬಂದು ಅವರ ಎದುರೇ ನಿಂತಿತ್ತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ಹಟ್ಟಿಯಂಗಡಿ, ಹಟ್ಟಿಯಂಗಡಿ ಎಂದು ಕೂಗಿದ. ಮಾವ ಆ ಕಡೆ ತಿರುಗಲಿಲ್ಲ. ಬಲಗೈಯನ್ನು ಮುಂದೆ ಚಾಚಿ, ಎಡಗೈಯಿಂದ ಅದರ ಮೇಲೆ ತೋರಿಸುತ್ತಾ ಏನೋ ಹೇಳುತ್ತಿದ್ದರು. ಎಣ್ಣೆ ಬಿದ್ದು ಕೈ ಸುಟ್ಟ ಭಾಗ ಅದು. ಅತ್ತೆ ಮೊದಲ ಸಲ ಕೇಳುವವರ ಹಾಗೆ ತಲೆ ಆಡಿಸುತ್ತಾ ಕೇಳುತ್ತಿದ್ದರು.

ಬಸ್ಸು ಹೊರಟು ಹೋಯಿತು. ನನ್ನ ಕೈಯಲ್ಲಿ ಕಾರಿನ ಕೀಲಿ ಇತ್ತು. ಕಥೆ ಹೋಟೆಲಿನ ತನಕ ಮುಟ್ಟಲಿ ಎಂದು ನಾನು ಕೆಳಗೆ ಇಳಿಯದೆ ಅಲ್ಲೇ ನಿಂತೆ.